ಗ್ರೀನ್‌ಲ್ಯಾಂಡಿನಲ್ಲಿ ಮಿಕ್ಕ ಬಣ್ಣ

ಆಲೂರು ಹೈಸ್ಕೂಲಿನ ಬಡಗಣ ಗೋಡೆಗೆ
ಪ್ರಪಂಚ ಬರೆದವನು ನಾನೇ, ಎರಡು ಸಲ.
ಮೊದಲ ಸಲ ಯಾರೂ ಏನೂ ಕೇಳಲಿಲ್ಲ.
ಅಂಗಡಿಯ ನಕ್ಷೆ ತಂದು, ನೂಲು ಹೊಡೆದು,
ಚೌಕಕ್ಕೆ ಚೌಕ ಇಳಿಸಿದೆ.
ಗ್ರೀನ್‌ಲ್ಯಾಂಡು ಎರಡು ಡಬ್ಬಿ ಬಿಳಿ ಕುಡಿಯಿತು,
ಬಿಸಿಲಲ್ಲಿ ದಣಿದ ಎಮ್ಮೆ ಕಲಗಚ್ಚು ಕುಡಿದ ಹಾಗೆ.
ಆಫ್ರಿಕಕ್ಕೂ ಹೆಚ್ಚುಕಡಿಮೆ ಅಷ್ಟೇ ಹಳದಿ.
ಬಿಲ್ಲು ಬರೆದೆ: ಬಿಳಿ ಎರಡು, ಹಳದಿ ಎರಡು.
ಹೆಡ್‌ಮಾಸ್ಟರು ರುಜು ಹಾಕಿದರು.
ಪ್ರಪಂಚ ಪಾಸಾಯಿತು.

ಹನ್ನೊಂದು ವರ್ಷ ಮಕ್ಕಳು ಅದಕ್ಕೆ ಬೆನ್ನು ಕೊಟ್ಟು
ಬಿಸಿಯೂಟ ಉಂಡರು. ರಷ್ಯಕ್ಕೆ ಪಾಚಿ ಹತ್ತಿತು.
ಆಮೇಲೆ ಪಂಕಜಾಕ್ಷಿ ಮೇಡಂ ವರ್ಗವಾಗಿ ಬಂದರು.

"ಗನಿಯವರೇ, ಇದನ್ನ ಅಳಿಸಿ. ಸುಳ್ಳು ಇದು."
ಸಿಟ್ಟು ಬಂತು. ಇಪ್ಪತ್ತೈದು ವರ್ಷದಿಂದ ಬೋರ್ಡು ಬರೆಯೋನು,
ಒಂದು ಒತ್ತಕ್ಷರ ತಪ್ಪಿಲ್ಲ ನನ್ನದು.
ಮೇಡಂ ಚೀಲದಿಂದ ಆಲೂಗಡ್ಡೆ ತೆಗೆದರು.
ಕಟ್ಟಿನಕೆರೆ ಮಾರ್ಕೆಟ್ಟಿನದು, ಮಣ್ಣು ಇನ್ನೂ ಹಸಿ.
ಬ್ಲೇಡಿನಲ್ಲಿ ಸಿಪ್ಪೆ ಎಬ್ಬಿಸಿ ಮೇಜಿನ ಮೇಲಿಟ್ಟು
"ಚಪ್ಪಟೆ ಮಾಡಿ" ಅಂದರು.
ಒತ್ತಿದೆ, ಹರಿಯಿತು. ಎಳೆದೆ, ಅಲ್ಲೂ ಹರಿಯಿತು.
"ಉಂಡೆಯನ್ನ ಹಾಳೆ ಮಾಡೋಕೆ ಹೊರಟರೆ
ಏನಾದರೂ ಒಂದು ಬಿಡಲೇಬೇಕು, ಗನಿ.
ಅವರು ಆಕಾರ ಹಿಡಿದರು, ಅಳತೆ ಬಿಟ್ಟರು.
ನಾವು ಅಳತೆ ಹಿಡಿಯೋಣ."

ಅವರು ಕೊಟ್ಟ ಹಾಳೆಯಲ್ಲಿ ಚೌಕಗಳೇ ಬೇರೆ.
ನಡುಪಟ್ಟಿಯಲ್ಲಿ ನೀಳವಾಗಿ ನಿಂತವು,
ಮೇಲೆ ಹೋದಂತೆ
ಬಾಳ್ಳುಪೇಟೆ ಬಸ್ಸಿನ ಸೀಟಿಗೆ ನಾಲ್ಕನೆಯವನು ಬಂದಂತೆ
ಗೆರೆಗೆ ಗೆರೆ ಒತ್ತರಿಸಿಕೊಂಡವು.
ಆಫ್ರಿಕ ಹೆಜ್ಜೇನಿನ ಹುಟ್ಟಿನ ಹಾಗೆ ಜೋತುಬಿತ್ತು.
ಕೆನಡ, ರಷ್ಯ, ಲಾರಿ ಹತ್ತಿ ಹೋದ ತಗಡು.
"ಜನ ನಗ್ತಾರೆ ಮೇಡಂ, ಕೆಳಗೆ ನನ್ನ ಹೆಸರಿರುತ್ತೆ."
"ನಗಲಿ ಬಿಡಿ."

ಆ ರಾತ್ರಿ ನಿದ್ದೆ ಹತ್ತಲಿಲ್ಲ. ನೆನಪಾದದ್ದು ನಮ್ಮ ಮನೆ ಪಾಲು.
ಅಣ್ಣನಿಗೆ ಚೌಕ ಸೈಟು,
ನನಗೆ ದನದ ನಾಲಗೆಯಂಥ ಉದ್ದನೆ ಪಟ್ಟಿ.
ಸರ್ವೆಯವನು ಸರಪಳಿ ಸುತ್ತಿಕೊಳ್ಳುತ್ತ ಹೇಳಿದ್ದ:
ಇಬ್ಬರಿಗೂ ಒಂದೂವರೆ ಗುಂಟೆ, ಬೆರಳಗಲ ಹೆಚ್ಚಿಲ್ಲ.
ನಾನು ನಂಬಿರಲಿಲ್ಲ.
ಅವತ್ತಿನಿಂದ ಅಣ್ಣನ ಮನೆ ಟೀ ಕುಡಿದವನಲ್ಲ.

ಪ್ರೈಮರ್ ಹೊಡೆದು ಶುರು ಮಾಡಿದೆ.
ಹಳದಿ ಮುಗಿಯಿತು. ಇನ್ನೊಂದು ಡಬ್ಬಿ. ಅದೂ ಮುಗಿಯಿತು,
ಕೈ ಇನ್ನೂ ಆಫ್ರಿಕದ ಸೊಂಟ ದಾಟಿಲ್ಲ.
ಹುಡುಗನನ್ನು ಹಾಸನಕ್ಕೆ ಓಡಿಸಿದೆ, ಮತ್ತೆರಡು ತಾ ಅಂತ.
ಗ್ರೀನ್‌ಲ್ಯಾಂಡಿಗೆ ಬಂದಾಗ ಊಟದ ಬೆಲ್ಲು ಹೊಡೆಯಿತು.
ನಾಲ್ಕು ಎಳೆ ಎಳೆದೆ, ಮುಗಿದೇಹೋಯಿತು.
ಡಬ್ಬಿಯೊಳಗೆ ಇಣುಕಿದರೆ
ಕೆನೆಗಟ್ಟಿದ ಹಾಲಿನಂತೆ ಬಿಳಿ ಹಾಗೇ ಇದೆ.
ಅದೇ ಗೋಡೆ, ಅದೇ ಬ್ರಷ್ಷು, ಅದೇ ಕೈ.
ಹದಿನಾಲ್ಕು ಗ್ರೀನ್‌ಲ್ಯಾಂಡಿಗೆ ಆಗುವ ಬಣ್ಣ
ಆ ಜೇನುಹುಟ್ಟು ಸದ್ದಿಲ್ಲದೆ ಕುಡಿದಿತ್ತು.
ಏಣಿಯ ಮೇಲೇ ಸ್ವಲ್ಪ ಹೊತ್ತು ಕೂತೆ.

ಹೊಸ ಹೆಡ್‌ಮಾಸ್ಟರು ಹಳೆ ಫೈಲು ತೆಗೆದರು.
"ಹೋದ ಸಲ ಹಳದಿ ಎರಡು, ಈ ಸಲ ನಾಲ್ಕೇಕೆ?"
"ಹಳೇ ಬಿಲ್ಲೇ ತಪ್ಪು ಸಾರ್" ಅಂದೆ.
ಮಿಕ್ಕ ಬಿಳಿಯಲ್ಲಿ ನೀರಿನ ಟ್ಯಾಂಕಿಗೆ ಒಂದು ಕೋಟು.
ಆಮೇಲೂ ತಳದಲ್ಲಿ ಉಳಿದದ್ದು
ಅಣ್ಣನ ಮನೆ ಕಿಟಕಿಗೆ ಹೋಯಿತು.
ಅದು ಯಾವ ಬಿಲ್ಲಿನಲ್ಲೂ ಇಲ್ಲ.

ಕೊನೆಯ ದಿನ ಸಂಜೆ, ಎಂಟನೇ ಕ್ಲಾಸಿನ ಹುಡುಗಿ
ಎರಡು ಜಡೆ, ಒಂದಕ್ಕೆ ರಿಬ್ಬನ್ನಿಲ್ಲ,
"ಅಂಕಲ್, ನಮ್ಮೂರೆಲ್ಲಿ?" ಅಂದಳು.
ಇದ್ದುದರಲ್ಲೇ ಸಣ್ಣ ಬ್ರಷ್ಷು ಅದ್ದಿ, ಉಸಿರು ಹಿಡಿದು
ಕೆಂಪು ಚುಕ್ಕಿ ಇಟ್ಟೆ.
ಮೇಡಂ ಕನ್ನಡಕ ಏರಿಸಿ ಸ್ಕೇಲು ಹಿಡಿದರು.
"ಆಲೂರು, ಹಾಸನ, ಸಕಲೇಶಪುರ,
ಮೂರೂ ಇದರಡಿಗೆ ಸಿಕ್ಕಿಬಿದ್ದವು ಗನಿ. ಅಳತೆ ತಪ್ಪಿತು."
"ಒರೆಸಲಾ?" ಅಂದೆ.
ಅವರು ಮಾತಾಡುವಷ್ಟರಲ್ಲಿ ಹುಡುಗಿ ಬೆರಳಿಟ್ಟಿದ್ದಳು.
ಬಣ್ಣ ಒಣಗಿರಲಿಲ್ಲ.
ಅಂಟಿಕೊಂಡ ಊರನ್ನು ಒಮ್ಮೆ ನೋಡಿಕೊಂಡು,
ಲಂಗಕ್ಕೆ ಒರೆಸಿ,
ಬಸ್ಸಿಗೆ ಓಡಿದಳು.